ಎಂಟನೇ ನಂಬರಿನ ಅಂಗಿ

1980ರ ಕೊನೆಯ ತಿಂಗಳುಗಳು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಜನ ತಲೆಗೆ ಕಂದು ಕಾಗದದ ಚೀಲ ಹಾಕಿಕೊಂಡು ಕೂತಿದ್ದರು. ದಿನಸಿ ಅಂಗಡಿಯಲ್ಲಿ ಸಾಮಾನು ತುಂಬಿ ಕೊಡುವಂಥ ಚೀಲ. ನೋಡಲು ಎರಡು ತೂತು, ಹಣೆಯ ಜಾಗದಲ್ಲಿ ದಪ್ಪ ಅಕ್ಷರದ ‘ಏಂಟ್ಸ್’ ಎಂಬ ಬರಹ. ತಂಡದ ಹೆಸರು ಸೇಂಟ್ಸ್, ಅಂದರೆ ಸಂತರು. ಅದರ ಮೊದಲಕ್ಷರ ಕಿತ್ತರೆ ಉಳಿಯುವುದು ‘ಅಲ್ಲ, ಇಲ್ಲ’ ಎನ್ನುವ ಅವರ ಆಡುಮಾತು. ಈ ಚೀಲದ ಉಪಾಯವನ್ನು ಊರಿಗೆಲ್ಲ ಹಬ್ಬಿಸಿದವರು ಅಲ್ಲಿಯ ಕ್ರೀಡಾ ವರದಿಗಾರ ಬಡ್ಡಿ ಡಿಲಿಬರ್ಟೊ. ಇಂಥ ತಂಡದ ಅಭಿಮಾನಿ ಎಂದು ಮುಖ ತೋರಿಸಲು ನಾಚಿಕೆಯಾದರೆ ಮುಖ ಮುಚ್ಚಿಕೊಂಡಾದರೂ ಬನ್ನಿ ಎನ್ನುವುದು ಅದರ ತಾತ್ಪರ್ಯ.

ತಂಡದ ಕ್ವಾರ್ಟರ್‌ಬ್ಯಾಕ್ ಆರ್ಚಿ ಮ್ಯಾನಿಂಗ್ ಮೈದಾನಕ್ಕೆ ಇಳಿದಾಗಲೆಲ್ಲ ಆ ಚೀಲಗಳ ಒಳಗಿನಿಂದ ಛೀಮಾರಿ ಏಳುತ್ತಿತ್ತು. ಅದೇ ಮೆಟ್ಟಿಲುಗಳ ಮೇಲೆ ಅವರ ಹೆಂಡತಿ ಒಲಿವಿಯಾ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಿರುತ್ತಿದ್ದರು. ದೊಡ್ಡವನು ಕೂಪರ್‌ಗೆ 6 ವರ್ಷ, ಪೇಟನ್‌ಗೆ 4. ಮೂರನೆಯ ಮಗು ಇನ್ನೂ ಹೊಟ್ಟೆಯಲ್ಲಿ. ಸುತ್ತ ಎಲ್ಲರೂ ಕೂಗುವುದನ್ನು ನೋಡಿ ಮಕ್ಕಳು ‘ಅಮ್ಮಾ, ನಾವೂ ಕೂಗೋಣವೇ’ ಎಂದು ಕೇಳಿದ್ದರಂತೆ. ಕುಟುಂಬದವರೇ ಮುಂದೆ ಹೇಳಿಕೊಂಡ ಸಂಗತಿ ಇದು. ಅಪ್ಪನನ್ನೇ ಬೈಯುತ್ತಿದ್ದಾರೆ ಎಂಬುದು ಆ ವಯಸ್ಸಿಗೆ ಎಲ್ಲಿ ತಿಳಿಯಬೇಕು!

ಆ ವರ್ಷ ಸೇಂಟ್ಸ್ 16 ಪಂದ್ಯ ಆಡಿ 15ರಲ್ಲಿ ಸೋತಿತು. ಹಿಂದಿನ ವರ್ಷ 8 ಗೆದ್ದು 8 ಸೋತಿದ್ದ ತಂಡ ಅದು. ಒಂದೇ ವರ್ಷದಲ್ಲಿ ಇಷ್ಟು ಆಳಕ್ಕೆ ಬಿದ್ದದ್ದಕ್ಕೆ ಹೊಣೆ ಯಾರು? ನಮ್ಮಲ್ಲಿ ಕ್ರಿಕೆಟ್ ತಂಡ ಸೋತರೆ ಮೊದಲು ನಾಯಕನ ತಲೆದಂಡ ಕೇಳುತ್ತೇವೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆ ತಲೆ ಕ್ವಾರ್ಟರ್‌ಬ್ಯಾಕ್‌ನದು. ಆರ್ಚಿ ಮ್ಯಾನಿಂಗ್ ಅವರ ಹನ್ನೊಂದು ವರ್ಷಗಳ ಕಥೆ ಓದಿದಷ್ಟೂ ಆ ಛೀಮಾರಿ ಅನ್ಯಾಯದ್ದು ಎಂದೇ ನನಗೆ ಅನಿಸಿದೆ. ಆದರೆ ಅನಿಸಿಕೆ ಸಾಲದು. ಲೆಕ್ಕ ನೋಡಬೇಕು.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಹೆಸರು ಫುಟ್‌ಬಾಲ್ ಆದರೂ ಈ ಆಟ ನಡೆಯುವುದು ಬಹುಮಟ್ಟಿಗೆ ಕೈಯಲ್ಲೇ. ಒಂದು ಕಡೆಗೆ 11 ಜನ. ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ದಾಳಿ ಮಾಡುವ ಪಡೆಗೆ ಯಜಮಾನ ಕ್ವಾರ್ಟರ್‌ಬ್ಯಾಕ್. ಮುಂದೆ ಬಾಗಿ ನಿಂತವನು ಕಾಲ ಸಂದಿಯಿಂದ ಕೊಟ್ಟ ಚೆಂಡನ್ನು ಹಿಡಿದು, ನಾಲ್ಕೈದು ಹೆಜ್ಜೆ ಹಿಂದೆ ಸರಿದು, ಓಡುತ್ತಿರುವ ಸಂಗಡಿಗರಲ್ಲಿ ಯಾರಿಗೆ ಕಾವಲಿಲ್ಲ ಎಂದು ನೋಡಿ ಎಸೆಯಬೇಕು. ಸಿಗುವ ಸಮಯ ಸುಮಾರು ಮೂರು ಸೆಕೆಂಡು. ಆ ಮೂರು ಸೆಕೆಂಡನ್ನು ಸಂಪಾದಿಸಿ ಕೊಡುವವರು ಅವನ ಮುಂದೆ ಗೋಡೆಯಂತೆ ನಿಲ್ಲುವ ಐವರು. ಗೋಡೆ ಬಿರುಕು ಬಿಟ್ಟರೆ ನೂರಿಪ್ಪತ್ತು ಕಿಲೋ ತೂಕದ ಎದುರಾಳಿಗಳು ಬಂದು ಮೈಮೇಲೆ ಬೀಳುತ್ತಾರೆ. ಆತುರದಲ್ಲಿ ಎಸೆದ ಚೆಂಡು ಎದುರಾಳಿಯ ಕೈಗೆ ಸಿಕ್ಕರೆ ಅದು ಇಂಟರ್‌ಸೆಪ್ಷನ್, ಕ್ವಾರ್ಟರ್‌ಬ್ಯಾಕ್‌ನ ಖಾತೆಗೆ ಬರೆಯುವ ತಪ್ಪು. ಇನ್ನೊಂದು ವಿಷಯ ನೆನಪಿರಲಿ. ಎದುರಾಳಿ ದಾಳಿ ಮಾಡುವಾಗ ರಕ್ಷಣೆಗೆ ಇಳಿಯುವುದು ಬೇರೆಯೇ 11 ಜನ. ಆಗ ಕ್ವಾರ್ಟರ್‌ಬ್ಯಾಕ್ ಗೆರೆಯಾಚೆ ಬೆಂಚಿನ ಮೇಲೆ ಕೂತು ನೋಡುತ್ತಿರುತ್ತಾನೆ. ಆ ಹೊತ್ತಿನಲ್ಲಿ ಅವನ ಕೈಯಲ್ಲಿ ಏನೂ ಇರುವುದಿಲ್ಲ.

ಸೇಂಟ್ಸ್ ತಂಡ ನ್ಯೂ ಆರ್ಲಿಯನ್ಸ್‌ಗೆ ಮಂಜೂರಾದದ್ದು 1966ರ ನವೆಂಬರ್ 1ರಂದು, ಸರ್ವಸಂತರ ಹಬ್ಬದ ದಿನ. ಹೆಸರು ಬಂದದ್ದಕ್ಕೂ ಆ ದಿನಕ್ಕೂ ನಂಟಿದೆ. ಮಾಲೀಕ ಜಾನ್ ಮೆಕಮ್ ಜೂನಿಯರ್ ಟೆಕ್ಸಸ್‌ನ ಎಣ್ಣೆ ಸಾಹುಕಾರರ ಮನೆಯ ಹುಡುಗ, ಆಗಿನ್ನೂ ಮೂವತ್ತು ತುಂಬಿರಲಿಲ್ಲ. 1967ರ ಸೆಪ್ಟೆಂಬರ್‌ನಲ್ಲಿ ತಂಡ ಆಡಿದ ಮೊಟ್ಟಮೊದಲ ಪಂದ್ಯದ ಮೊಟ್ಟಮೊದಲ ಒದೆತವನ್ನೇ ಹಿಡಿದು ಜಾನ್ ಗಿಲಿಯಂ 94 ಗಜ ಓಡಿ ಟಚ್‌ಡೌನ್ ಮಾಡಿದರು. ಊರು ಕುಣಿಯಿತು. ಆದರೆ ಪಂದ್ಯ ಸೋತಿತು. ಆ ನಂತರದ ಇಪ್ಪತ್ತು ವರ್ಷ, 1987ರವರೆಗೆ, ಸೋಲಿಗಿಂತ ಹೆಚ್ಚು ಗೆಲುವು ಕಂಡ ಒಂದೇ ಒಂದು ವರ್ಷ ಈ ತಂಡಕ್ಕೆ ಇರಲಿಲ್ಲ. ಕಾರಣ ಹುಡುಕುವವರು ಮೊದಲು ಕಚೇರಿಯ ಕಡೆ ನೋಡಬೇಕು. 1972ರಲ್ಲಿ ಮೆಕಮ್ ತಂಡದ ಆಡಳಿತವನ್ನು ರಿಚರ್ಡ್ ಗಾರ್ಡನ್ ಎಂಬವರ ಕೈಗಿತ್ತರು. ಅಪೊಲೊ 12ರಲ್ಲಿ ಚಂದ್ರನನ್ನು ಸುತ್ತಿ ಬಂದ ಗಗನಯಾತ್ರಿ ಅವರು. ದೇಶ ಗೌರವಿಸುವ ಧೀರ, ಸಂದೇಹವಿಲ್ಲ. ಆದರೆ ಆಟಗಾರರನ್ನು ಆರಿಸಿ ವೃತ್ತಿಪರ ತಂಡ ಕಟ್ಟಿದ ಅನುಭವ ಅವರಿಗೆ ಇರಲಿಲ್ಲ.

ಇಂಥ ಮನೆಗೆ 1971ರಲ್ಲಿ ಬಂದವರು ಆರ್ಚಿ. ಮಿಸಿಸಿಪಿ ರಾಜ್ಯದ ಡ್ರೂ ಎಂಬ ಪುಟ್ಟ ಊರಿನವರು, ಕೆಂಗೂದಲ ಹುಡುಗ, ಮಿಸಿಸಿಪಿ ವಿಶ್ವವಿದ್ಯಾಲಯದ ತಂಡದ ಕಣ್ಮಣಿ. 1969ರ ಅಕ್ಟೋಬರ್‌ನಲ್ಲಿ ಅಲಬಾಮಾ ಎದುರು ದೇಶವೆಲ್ಲ ಟಿ.ವಿ.ಯಲ್ಲಿ ನೋಡುತ್ತಿದ್ದ ಪಂದ್ಯದಲ್ಲಿ ಅವರು ಎಸೆದು ಗಳಿಸಿದ್ದು 436 ಗಜ, ಓಡಿ ಗಳಿಸಿದ್ದು 104. ಹಾಗಿದ್ದೂ ತಂಡ 33-32ರಿಂದ ಸೋತಿತು. ಮುಂದಿನ ಬದುಕಿನ ಜಾತಕವನ್ನು ಆ ಒಂದು ರಾತ್ರಿಯೇ ಬರೆದಿಟ್ಟಂತಿತ್ತು.

ವಿಶ್ವವಿದ್ಯಾಲಯ ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆಗೆ ಡ್ರಾಫ್ಟ್ ಎನ್ನುತ್ತಾರೆ. 1971ರ ಡ್ರಾಫ್ಟ್‌ನಲ್ಲಿ ಮೊದಲ ಮೂರೂ ಆಯ್ಕೆಗಳು ಕ್ವಾರ್ಟರ್‌ಬ್ಯಾಕ್‌ಗಳೇ. ಜಿಮ್ ಪ್ಲಂಕೆಟ್ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ, ಆರ್ಚಿ ಮ್ಯಾನಿಂಗ್ ಸೇಂಟ್ಸ್‌ಗೆ, ಡ್ಯಾನ್ ಪ್ಯಾಸ್ಟೊರೀನಿ ಹ್ಯೂಸ್ಟನ್ ಆಯಿಲರ್ಸ್‌ಗೆ. ಓದುಗರು ಈ ಮೂರು ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆರಂಭ ಚೆನ್ನಾಗಿತ್ತು. ಸೆಪ್ಟೆಂಬರ್ 19ರಂದು ಮೊದಲ ಪಂದ್ಯ, ಎದುರಾಳಿ ಲಾಸ್ ಏಂಜಲೀಸ್ ರ್‍ಯಾಮ್ಸ್. ಕೊನೆಯ ಆಟ, ಗೆರೆ ಒಂದೇ ಗಜ ದೂರ. ಎಸೆಯಲು ದಾರಿ ಕಾಣದೆ ಆರ್ಚಿ ತಾವೇ ಚೆಂಡನ್ನು ಎದೆಗೆ ಅವಚಿಕೊಂಡು ನುಗ್ಗಿದರು. 24-20. ಒಂದು ತಿಂಗಳೊಳಗೆ, ಆ ವರ್ಷ ಪಟ್ಟ ಗೆಲ್ಲಲಿದ್ದ ಡಲ್ಲಾಸ್ ಕೌಬಾಯ್ಸ್ ತಂಡವನ್ನೂ 24-14ರಿಂದ ಕೆಡವಿದರು. ಊರು ತನ್ನ ದೇವರು ಸಿಕ್ಕಿದನೆಂದು ನಂಬಿತು.

ಆಮೇಲಿನ ವರ್ಷಗಳನ್ನು ಬೇಗ ದಾಟೋಣ, ಏಕೆಂದರೆ ಅವು ಒಂದರಂತೆ ಒಂದಿವೆ. 1972ರಲ್ಲಿ 2 ಗೆಲುವು. 73ರಲ್ಲಿ 5, 74ರಲ್ಲಿ 5, 75ರಲ್ಲಿ ಮತ್ತೆ 2. ಗೋಡೆಯಾಗಬೇಕಾದ ಐವರು ಗೋಡೆಯಾಗಲಿಲ್ಲ. ಚೆಂಡು ಹಿಡಿದ ಆರ್ಚಿ ಮೈದಾನದ ಉದ್ದಗಲಕ್ಕೂ ಓಡಿ ತಪ್ಪಿಸಿಕೊಳ್ಳುವುದೇ ಆ ತಂಡದ ಆಟ ಎನ್ನುವಂತಾಯಿತು. ಕೋಚ್‌ಗಳು ಬಂದರು, ಹೋದರು. ಆರ್ಚಿ ಅಲ್ಲಿದ್ದ ಕಾಲದಲ್ಲಿ ಹಂಗಾಮಿಗಳನ್ನೂ ಸೇರಿಸಿ ಏಳು ಮಂದಿ. ಪ್ರತಿಯೊಬ್ಬರೂ ಹೊಸ ಪಾಠ ತಂದರು. ಒಬ್ಬ ಮೇಷ್ಟರ ಪಾಠ ಕೈಗೆ ಹತ್ತುವ ಹೊತ್ತಿಗೆ ಇನ್ನೊಬ್ಬರು ಬಂದು ಹಲಗೆ ಒರೆಸುತ್ತಿದ್ದರು.

1976 ಬೇರೆ ಕಾರಣಕ್ಕೆ ಮುಖ್ಯ. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಆರ್ಚಿ ಆ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ಕೋಚ್ ಆಗಿ ಬಂದವರು ಹ್ಯಾಂಕ್ ಸ್ಟ್ರ್ಯಾಮ್, ಕ್ಯಾನ್ಸಸ್ ಸಿಟಿಗೆ ಸೂಪರ್ ಬೌಲ್ ಎಂಬ ಪಟ್ಟದ ಪಂದ್ಯ ಗೆದ್ದು ಕೊಟ್ಟ ಹೆಸರಾಂತರು. ತಂಡದ ಕೊರತೆಯೆಲ್ಲ ಕ್ವಾರ್ಟರ್‌ಬ್ಯಾಕ್‌ನಲ್ಲೇ ಇದ್ದಿದ್ದರೆ ಆ ವರ್ಷ ಅದು ಕಾಣಬೇಕಿತ್ತು. ಕಂಡದ್ದು 4 ಗೆಲುವು, 10 ಸೋಲು. ಹೆಚ್ಚುಕಡಿಮೆ ಆರ್ಚಿ ಇದ್ದಾಗಿನ ಲೆಕ್ಕವೇ.

ಹಾಗೆಂದು ಅವರ ತಪ್ಪುಗಳನ್ನು ಮುಚ್ಚಿಟ್ಟರೆ ಅದು ವಕಾಲತ್ತು ಆಗುತ್ತದೆ, ಇತಿಹಾಸ ಆಗುವುದಿಲ್ಲ. 1977ರ ಡಿಸೆಂಬರ್ 11ರಂದು ಟ್ಯಾಂಪಾ ಬೇ ಬಕನೀರ್ಸ್ ಎಂಬ ಹೊಸ ತಂಡ ಸೂಪರ್‌ಡೋಮ್‌ಗೆ ಬಂತು. ಹುಟ್ಟಿದಾಗಿನಿಂದ 26 ಪಂದ್ಯ ಆಡಿ 26ನ್ನೂ ಸೋತಿದ್ದ ತಂಡ. ಇವರ ಎದುರು ಸೋತರೆ ಅವಮಾನ ಎಂಬರ್ಥದ ಮಾತನ್ನು ಆರ್ಚಿ ಪಂದ್ಯಕ್ಕೆ ಮುಂಚೆ ಆಡಿದ್ದರು. ಆ ಮಾತೇ ಎದುರಾಳಿಗಳಿಗೆ ಕಿಚ್ಚು ಹಚ್ಚಿತು. ಸೇಂಟ್ಸ್ ಎಸೆದ ಚೆಂಡುಗಳನ್ನು ನಡುವೆಯೇ ಕಿತ್ತುಕೊಂಡು ಮೂರು ಬಾರಿ ಟಚ್‌ಡೌನ್ ಮಾಡಿ, 33-14ರಿಂದ ತಮ್ಮ ಜೀವನದ ಮೊದಲ ಗೆಲುವು ಪಡೆದು ಹೋದರು. ಆ ದಿನದ ಸೋಲಿನಲ್ಲಿ ಆರ್ಚಿಯ ಪಾಲು ದೊಡ್ಡದು. ಇಡೀ ವೃತ್ತಿಜೀವನದಲ್ಲಿ ಅವರ ಟಚ್‌ಡೌನ್ ಎಸೆತಗಳು 125, ಇಂಟರ್‌ಸೆಪ್ಷನ್‌ಗಳು 173. ಸದಾ ಹಿಂದೆ ಬಿದ್ದಿರುವ ತಂಡದ ಕ್ವಾರ್ಟರ್‌ಬ್ಯಾಕ್ ಅಪಾಯದ ಎಸೆತಗಳನ್ನು ಎಸೆಯಲೇಬೇಕಾಗುತ್ತದೆ, ನಿಜ. ಆದರೂ 173 ಸಣ್ಣ ಸಂಖ್ಯೆಯಲ್ಲ. ಒಂದು ಆಟ ಕೈಬಿಟ್ಟು ಮುಂದಿನದಕ್ಕೆ ಕಾಯುವ ತಾಳ್ಮೆ ಅವರಿಗೆ ಹಲವು ಸಲ ಇರಲಿಲ್ಲ.

ಮುಂದಿನ ಎರಡು ವರ್ಷ ಬಿಸಿಲು ಬಂತು. ಹೊಸ ಕೋಚ್ ಡಿಕ್ ನೋಲನ್ ಕೈಯಲ್ಲಿ ಆಟಕ್ಕೊಂದು ಶಿಸ್ತು ಬಂತು, ಓಟಗಾರ ಚಕ್ ಮನ್ಸಿ ಅರಳಿದರು. 1978ರಲ್ಲಿ ಆರ್ಚಿ ತಮ್ಮ ವಿಭಾಗದ ವರ್ಷದ ಆಟಗಾರ ಎನಿಸಿಕೊಂಡರು. 7 ಗೆಲುವು, ಮುಂದಿನ ವರ್ಷ 8. ಆದರೆ ಕುಸಿತದ ಬೀಜ ಬಿದ್ದದ್ದೂ ಆ 1979ರಲ್ಲೇ. ಡ್ರಾಫ್ಟ್‌ನಲ್ಲಿ ಹನ್ನೊಂದನೆಯ ಆಯ್ಕೆ ಸೇಂಟ್ಸ್ ಕೈಯಲ್ಲಿತ್ತು. ರಕ್ಷಣೆಗೋ ಗೋಡೆಗೋ ಒಬ್ಬ ಗಟ್ಟಿಗನನ್ನು ತರಬಹುದಿತ್ತು. ಅವರು ಆರಿಸಿದ್ದು ರಸೆಲ್ ಎರ್ಕ್ಸ್‌ಲೆಬನ್ ಎಂಬ ಒದೆಗಾರನನ್ನು, ಪಂದ್ಯದಲ್ಲಿ ಬೆರಳೆಣಿಕೆಯಷ್ಟು ಸಲ ಚೆಂಡು ಒದೆಯಲು ಮಾತ್ರ ಇಳಿಯುವ ಆಟಗಾರನನ್ನು. ಎರಡೇ ಸ್ಥಾನದ ನಂತರ ಸ್ಯಾನ್ ಡಿಯಾಗೊ ತಂಡ ಆರಿಸಿಕೊಂಡ ಕೆಲೆನ್ ವಿನ್ಸ್‌ಲೋ ಆಟದ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರಾದರು. ಎರ್ಕ್ಸ್‌ಲೆಬನ್ ಮೊದಲ ಪಂದ್ಯದಲ್ಲೇ, ಹೆಚ್ಚುವರಿ ಅವಧಿಯಲ್ಲಿ, ತಲೆಯ ಮೇಲಿಂದ ಹಾರಿದ ಚೆಂಡನ್ನು ಅಟ್ಟಿಸಿಕೊಂಡು ಹೋಗಿ ಗಾಬರಿಯಲ್ಲಿ ಎಸೆದುಬಿಟ್ಟರು. ಅದು ನೇರ ಅಟ್ಲಾಂಟಾದ ಆಟಗಾರನ ಕೈ ಸೇರಿ ಟಚ್‌ಡೌನ್ ಆಯಿತು. 40-34, ಸೋಲು. ಆ ಪಂದ್ಯದಲ್ಲಿ ತಂಡ 34 ಅಂಕ ಗಳಿಸಿತ್ತು ಎಂಬುದನ್ನು ಯಾರೂ ನೆನೆಯುವುದಿಲ್ಲ.

ಅದೇ ವರ್ಷದ ಡಿಸೆಂಬರ್ 3, ಸೋಮವಾರ ರಾತ್ರಿ. ಓಕ್ಲೆಂಡ್ ರೈಡರ್ಸ್ ಎದುರು ಸೇಂಟ್ಸ್ 35-14ರಿಂದ ಮುಂದಿತ್ತು. ಗೆದ್ದಿದ್ದರೆ ಪ್ಲೇಆಫ್, ಅಂದರೆ ಪಟ್ಟಕ್ಕಾಗಿ ನಡೆಯುವ ಕೊನೆಯ ಸುತ್ತುಗಳ, ಬಾಗಿಲು ತೆರೆಯುವ ಎಲ್ಲ ಸಾಧ್ಯತೆ ಇತ್ತು. ರೈಡರ್ಸ್ ಕ್ವಾರ್ಟರ್‌ಬ್ಯಾಕ್ ಕೆನ್ ಸ್ಟೇಬ್ಲರ್ ಒಂದಾದ ಮೇಲೊಂದು ಟಚ್‌ಡೌನ್ ಎಸೆದರು. ಸೇಂಟ್ಸ್ ರಕ್ಷಣೆ ಹಳೆಯ ಚಪ್ಪರದ ಹಾಗೆ ಕುಸಿಯಿತು. 42-35. ಬೆಂಚಿನ ಮೇಲೆ ಕೂತು ನೋಡಿದರು ಆರ್ಚಿ.

1980ರಲ್ಲಿ ಆ ಚಪ್ಪರ ಮತ್ತೆ ಏಳಲೇ ಇಲ್ಲ. ಹಿಂದಿನ ವರ್ಷ ತಂಡದ ಇತಿಹಾಸದಲ್ಲೇ ಮೊದಲ ಬಾರಿಗೆ ಸಾವಿರ ಗಜ ದಾಟಿ ಓಡಿದ್ದ ಮನ್ಸಿಯನ್ನು ಋತುವಿನ ಆರಂಭದಲ್ಲೇ ಸ್ಯಾನ್ ಡಿಯಾಗೊಗೆ ಕೊಟ್ಟುಬಿಟ್ಟರು. ತಂಡದೊಳಗೆ ಕೊಕೇನ್ ಹರಿದಾಡುತ್ತಿತ್ತು. ಸೇಂಟ್ಸ್ ಪರ ಆಡಿದ್ದ ಡಾನ್ ರೀಸ್ 1982ರಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯಲ್ಲಿ ಅದನ್ನು ಬಿಚ್ಚಿಟ್ಟಾಗ ದೇಶ ಬೆಚ್ಚಿತು. ಸತತ 12 ಸೋಲಿನ ನಂತರ ನೋಲನ್ ಕೆಲಸ ಹೋಯಿತು. ಆ ವರ್ಷ ಸೇಂಟ್ಸ್ ಎದುರಾಳಿಗಳಿಗೆ ಬಿಟ್ಟುಕೊಟ್ಟ ಅಂಕ 487, ಪಂದ್ಯಕ್ಕೆ 30ಕ್ಕೂ ಹೆಚ್ಚು.

ಇನ್ನು ಕಾಗದದ ಚೀಲದ ಒಳಗಿನಿಂದ ಬೈಸಿಕೊಂಡ ಮನುಷ್ಯನ ಲೆಕ್ಕ: 3,716 ಗಜ, 23 ಟಚ್‌ಡೌನ್. ಎರಡೂ ಅವರ ಜೀವಮಾನದ ಅತಿ ಹೆಚ್ಚು. ಅವರ ಅತಿ ಫಲವತ್ತಾದ ವರ್ಷವೇ ತಂಡದ ಅತಿ ಕೆಟ್ಟ ವರ್ಷ.

ಒಂದು ಪಂದ್ಯವನ್ನು ಹತ್ತಿರದಿಂದ ನೋಡಿದರೆ ಸಾಕು. ಡಿಸೆಂಬರ್ 7, ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಒಂದೂ ಗೆಲುವಿಲ್ಲದೆ ಬಂದ ಸೇಂಟ್ಸ್ ಅರ್ಧ ಆಟ ಮುಗಿದಾಗ 35-7ರಿಂದ ಮುಂದಿತ್ತು. 35 ಅಂಕ, ಎರಡೇ ಕ್ವಾರ್ಟರ್‌ನಲ್ಲಿ. ಇದಕ್ಕಿಂತ ಹೆಚ್ಚಿನದನ್ನು ಯಾವ ಕ್ವಾರ್ಟರ್‌ಬ್ಯಾಕ್ ಕೊಡಬೇಕು? ವಿರಾಮದ ನಂತರ 24 ವರ್ಷದ ಜೋ ಮೊಂಟಾನಾ ಎಂಬ ಹುಡುಗ ಒಂದೊಂದೇ ಟಚ್‌ಡೌನ್ ಕಟ್ಟುತ್ತ 35-35 ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಕಂಬಗಳ ನಡುವೆ ಒದ್ದು 3 ಅಂಕ ಗಳಿಸುವ ಒಂದು ಫೀಲ್ಡ್ ಗೋಲ್, 38-35. ಲೀಗ್ ಪಂದ್ಯಗಳಲ್ಲಿ ಅಲ್ಲಿಯವರೆಗೆ ಅಷ್ಟು ಹಿಂದೆ ಬಿದ್ದು ಗೆದ್ದ ತಂಡವೇ ಇರಲಿಲ್ಲ. ದ್ವಿತೀಯಾರ್ಧದಲ್ಲಿ ಸೇಂಟ್ಸ್ ಒಂದೂ ಅಂಕ ಗಳಿಸಲಿಲ್ಲ, ಆ ಮಟ್ಟಿಗೆ ಆರ್ಚಿಯ ದಾಳಿಪಡೆಗೂ ಪಾಲಿದೆ. ಆದರೆ 28 ಅಂಕದ ಮುನ್ನಡೆಯನ್ನು ಉಳಿಸಿಕೊಳ್ಳಲಾಗದ ತಂಡದ ಕಾಯಿಲೆಗೆ ಕ್ವಾರ್ಟರ್‌ಬ್ಯಾಕ್ ಔಷಧ ಅಲ್ಲ. ಒಂದು ವಾರದ ನಂತರ ನ್ಯೂಯಾರ್ಕ್‌ನಲ್ಲಿ ಜೆಟ್ಸ್ ಎದುರು 21-20ರಿಂದ ಆ ವರ್ಷದ ಒಂದೇ ಒಂದು ಗೆಲುವು ಬಂತು.

ಈಗ ಆ ಮೂರು ಹೆಸರುಗಳು. ಪ್ಲಂಕೆಟ್ ಪೇಟ್ರಿಯಟ್ಸ್‌ನಲ್ಲಿ ಪೆಟ್ಟು ತಿಂದು ಸೋತರು, ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಸೋತರು, ಬೇಡವಾದವರಾಗಿ ರೈಡರ್ಸ್ ಬೆಂಚು ಸೇರಿದರು. 1980ರಲ್ಲಿ ರೈಡರ್ಸ್ ತಂಡ ಸ್ಟೇಬ್ಲರ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟು ಪ್ಯಾಸ್ಟೊರೀನಿಯನ್ನು ತಂದಿತು. ಐದನೆಯ ಪಂದ್ಯದಲ್ಲಿ ಪ್ಯಾಸ್ಟೊರೀನಿ ಕಾಲು ಮುರಿಯಿತು. ಬೆಂಚಿನಿಂದ ಎದ್ದವರು ಪ್ಲಂಕೆಟ್. ಅವರ ಮುಂದಿದ್ದ ಗೋಡೆಯಲ್ಲಿ ಜೀನ್ ಅಪ್‌ಶಾ, ಆರ್ಟ್ ಶೆಲ್ ಅಂಥವರಿದ್ದರು. ಹಿಂದೆ ಗಟ್ಟಿ ರಕ್ಷಣೆ ಇತ್ತು. ಹತ್ತು ವರ್ಷ ಸೋತವನೆನಿಸಿಕೊಂಡ ಅದೇ ತೋಳು 1981ರ ಜನವರಿ 25ರಂದು ಸೂಪರ್ ಬೌಲ್ ಗೆದ್ದಿತು. ಫಿಲಡೆಲ್ಫಿಯಾ ಈಗಲ್ಸ್ ಎದುರು 27-10, ಪಂದ್ಯದ ಶ್ರೇಷ್ಠ ಆಟಗಾರ ಜಿಮ್ ಪ್ಲಂಕೆಟ್. ಪಂದ್ಯ ನಡೆದ ಜಾಗ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್. ಕೆಲವೇ ವಾರಗಳ ಹಿಂದೆ ಕಾಗದದ ಚೀಲಗಳು ತುಂಬಿದ್ದ ಅದೇ ಮೆಟ್ಟಿಲುಗಳು.

ಪ್ಲಂಕೆಟ್‌ಗಿಂತ ಆರ್ಚಿ ಕಡಿಮೆ ಆಟಗಾರ ಎಂದು ಅವರಿಬ್ಬರ ಆಟ ನೋಡಿದವರು ಯಾರೂ ಹೇಳಿದ್ದನ್ನು ನಾನು ಓದಿಲ್ಲ. ಒಬ್ಬರಿಗೆ ತಡವಾಗಿಯಾದರೂ ತಂಡ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ.

1982ರ ಸೆಪ್ಟೆಂಬರ್‌ನಲ್ಲಿ ಸೇಂಟ್ಸ್ ಆರ್ಚಿಯನ್ನು ಹ್ಯೂಸ್ಟನ್‌ಗೆ ಕೊಟ್ಟು ಲಿಯಾನ್ ಗ್ರೇ ಎಂಬ ಗೋಡೆಯಾಳನ್ನು ಪಡೆಯಿತು. ಹನ್ನೊಂದು ವರ್ಷ ಕ್ವಾರ್ಟರ್‌ಬ್ಯಾಕ್‌ಗೆ ಕೊಡದ ಗೋಡೆಯನ್ನು ಆ ಕ್ವಾರ್ಟರ್‌ಬ್ಯಾಕ್‌ನನ್ನೇ ಮಾರಿ ತಂದರು. ಅವರ ಜಾಗಕ್ಕೆ ಬಂದವರು ಯಾರು? ಸೂಪರ್ ಬೌಲ್ ಗೆದ್ದಿದ್ದ ಕೆನ್ ಸ್ಟೇಬ್ಲರ್. ವಯಸ್ಸಾಗಿತ್ತು, ಆದರೆ ಗೆಲುವಿನ ರುಚಿ ಬಲ್ಲವರು. ಅವರ ಕೈಯಲ್ಲೂ ಸೇಂಟ್ಸ್ ಪ್ಲೇಆಫ್ ಮುಟ್ಟಲಿಲ್ಲ. ಆರ್ಚಿಯೂ ಹ್ಯೂಸ್ಟನ್‌ನಲ್ಲಿ, ನಂತರ ಮಿನೆಸೋಟಾದಲ್ಲಿ ಗೆಲ್ಲಲಿಲ್ಲ ಎಂದು ಬೊಟ್ಟು ಮಾಡುವವರಿದ್ದಾರೆ. ಅವರು ಸೇರಿದ ಹ್ಯೂಸ್ಟನ್ 1983ರಲ್ಲಿ 16ರಲ್ಲಿ 2 ಗೆದ್ದ ತಂಡ, ಮಿನೆಸೋಟಾ 1984ರಲ್ಲಿ 3 ಗೆದ್ದ ತಂಡ. ಒಂದು ಮುಳುಗುವ ದೋಣಿಯಿಂದ ಇನ್ನೊಂದಕ್ಕೆ ಹತ್ತಿಸಿ, ಈಜು ಬರಲಿಲ್ಲ ಎಂದರೆ ಹೇಗೆ? ಆರಂಭದಿಂದ ಆಡಿದ ಪಂದ್ಯಗಳಲ್ಲಿ 35 ಗೆಲುವು, 101 ಸೋಲು, 3 ಸಮ ಎಂಬ ಲೆಕ್ಕದೊಂದಿಗೆ ಅವರು 1984ರ ನಂತರ ನಿವೃತ್ತರಾದರು. ಸೇಂಟ್ಸ್ ತಂಡಕ್ಕೆ ಬೆನ್ನು ನೆಟ್ಟಗಾದದ್ದು ಮೆಕಮ್ ಅದನ್ನು ಮಾರಿ, 1985ರಲ್ಲಿ ಟಾಮ್ ಬೆನ್ಸನ್ ಕೊಂಡು, ಜಿಮ್ ಫಿಂಕ್ಸ್ ಎಂಬ ಪಳಗಿದ ಆಡಳಿತಗಾರ ಬಂದ ಮೇಲೆ. ಫಿಂಕ್ಸ್ ಬಂದ ಎರಡನೇ ವರ್ಷಕ್ಕೆಲ್ಲ 12 ಗೆಲುವು.

ನಾನು ಕೊಡುವ ತೀರ್ಪು ಇಷ್ಟು: ಟ್ಯಾಂಪಾ ಪಂದ್ಯದಂಥ ಹಲವು ಸೋಲುಗಳು ಆರ್ಚಿಯವು. ಕುಸಿತ ಅವರದಲ್ಲ, ಅದು ಮಾಲೀಕರದ್ದು, ಅವರ ಕಚೇರಿಯದ್ದು.

2004ರ ಏಪ್ರಿಲ್‌ನಲ್ಲಿ ಮ್ಯಾನಿಂಗ್ ಮನೆಯ ಕಿರಿಯ ಮಗ ಈಲೈ, 1980ರಲ್ಲಿ ತಾಯಿಯ ಹೊಟ್ಟೆಯಲ್ಲಿದ್ದವರು, ಡ್ರಾಫ್ಟ್‌ನ ಮೊದಲ ಆಯ್ಕೆಯಾಗಲಿದ್ದರು. ಆರಿಸುವ ಸರದಿ ಸ್ಯಾನ್ ಡಿಯಾಗೊ ಚಾರ್ಜರ್ಸ್‌ದು, ಹಿಂದಿನ ವರ್ಷ 16ರಲ್ಲಿ 12 ಸೋತಿದ್ದ ತಂಡ. ಅಲ್ಲಿ ಆಡುವ ಇಷ್ಟ ಇಲ್ಲವೆಂದು ಮ್ಯಾನಿಂಗ್ ಕುಟುಂಬ ಮೊದಲೇ ತಿಳಿಸಿತು. ಆದರೂ ಆರಿಸಿದರು. ನ್ಯೂಯಾರ್ಕ್‌ನ ವೇದಿಕೆಯ ಮೇಲೆ ಚಾರ್ಜರ್ಸ್ ಅಂಗಿ ಹಿಡಿದು ನಿಂತ ಹುಡುಗನನ್ನು ಸಭೆ ಕೂಗಿ ಹೀಯಾಳಿಸಿತು, ದೇಶವೆಲ್ಲ ಅಪ್ಪನನ್ನು ಬೈಯಿತು. ಒಂದು ಗಂಟೆಯೊಳಗೆ ಈಲೈ ನ್ಯೂಯಾರ್ಕ್ ಜೈಂಟ್ಸ್‌ಗೆ ವರ್ಗವಾದರು. ಚಾರ್ಜರ್ಸ್ ಆ ವರ್ಷವೇ 12 ಗೆದ್ದಿತು, ಆದ್ದರಿಂದ ಆ ತಂಡದ ಬಗೆಗಿನ ಅಂಜಿಕೆ ತಪ್ಪಾಗಿತ್ತು ಎನ್ನಬಹುದು. ಆದರೆ ಕೆಟ್ಟ ತಂಡ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಏನು ಮಾಡಬಲ್ಲದು ಎಂಬುದನ್ನು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈಲೈ ಜೈಂಟ್ಸ್‌ನಲ್ಲಿ ಎರಡು ಸೂಪರ್ ಬೌಲ್ ಗೆದ್ದರು. ಪೇಟನ್ ಕೂಡ ಎರಡು ಗೆದ್ದರು.

ಆರ್ಚಿ ಮಾತ್ರ ನ್ಯೂ ಆರ್ಲಿಯನ್ಸ್ ಬಿಟ್ಟು ಹೋಗಲಿಲ್ಲ. ಛೀಮಾರಿ ಹಾಕಿದ ಊರಿನಲ್ಲೇ ಮನೆ ಮಾಡಿ ಮಕ್ಕಳನ್ನು ಬೆಳೆಸಿದರು. ಅವರು ತಂಡ ಬಿಟ್ಟ ಮೇಲೆ ಸೇಂಟ್ಸ್ ಅವರು ತೊಡುತ್ತಿದ್ದ 8ನೇ ನಂಬರಿನ ಅಂಗಿಯನ್ನು ದಶಕಗಳ ಕಾಲ ಬೇರೆ ಯಾರಿಗೂ ಕೊಡಲಿಲ್ಲ.